ಮೂರು ಕೂಗಿನ ನೀರು

ಉರಿಗಾಂ ಲೈನಿನ ಹೆಂಗಸರಿಗೆ ಅಮ್ಮಾಜಮ್ಮನ ಮೇಲೆ ಸಿಟ್ಟಿದ್ದದ್ದು ಅವಳ ಭಕ್ತಿಗಲ್ಲ, ನೀರಿಗೆ. ಚಿನ್ನದ ಗಣಿಯ ಕೂಲಿಗಳ ಆ ಇಡೀ ಮನೆಸಾಲಿಗೆ ಇದ್ದದ್ದು ಒಂದೇ ಕೊಳಾಯಿ. ಬದುಕಿದ್ದವರಿಗೇ ಸಾಲದ ಆ ನೀರನ್ನು ಅವಳ ಸೊಸೆ ಕದಿರಮ್ಮ ಸತ್ತವನ ಸ್ನಾನಕ್ಕೂ ಹಿಡಿಯುತ್ತಿದ್ದಳು.

ಸತ್ತವನು ಅಮ್ಮಾಜಮ್ಮನ ಒಬ್ಬನೇ ಮಗ, ಕದಿರಮ್ಮನ ಗಂಡ ಸಮುವೇಲು. ಎರಡು ವರ್ಷದ ಹಿಂದೆ ಗಣಿಯೊಳಗೆ ಏರ್ ಬ್ಲಾಸ್ಟ್ ಆಗಿತ್ತು. ನೆಲದಡಿಯ ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯುವುದಕ್ಕೆ ಅಲ್ಲಿಯವರು ಹೇಳುವ ಹೆಸರು ಅದು. ಮೇಲೆ ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದವು, ಕೆಳಗೆ ಒಂದು ಸುರಂಗ ಕುಸಿದು ಕೂತಿತು. ಹೆಣ ತೆಗೆಯಲು ಹೋದರೆ ಇನ್ನಷ್ಟು ಹೆಣ ಬೀಳುತ್ತವೆ ಎಂದು ಸುರಂಗಕ್ಕೆ ಗೋಡೆ ಕಟ್ಟಿದರು. ಹೆಣವೇ ಇಲ್ಲದೆ ಮಣ್ಣು ಮಾಡುವುದು ಹೇಗೆ ಎಂದು ಅಮ್ಮಾಜಮ್ಮ ಹಟ ಹಿಡಿದಳು. ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರಿಗೆ ಸಮಾಧಿಯ ಪ್ರಾರ್ಥನೆ ಓದಲು ಬಿಡಲಿಲ್ಲ.

ಸಮುವೇಲು ಇದ್ದಾಗ ಮಧ್ಯಾಹ್ನ ಪಾಳಿ ಬಿಡುವಾಗ ಗಣಿಯ ಸೈರನ್ನಿನ ಕೂಗು ಆದ ಮೇಲೆ ಮೈತುಂಬ ಬೂದು ಕೆಸರು ಮೆತ್ತಿಕೊಂಡು ಬರುತ್ತಿದ್ದ. ಬಿಸಿನೀರು ಹುಯ್ದುಕೊಳ್ಳದೆ ಮುದ್ದೆ ಮುಟ್ಟುತ್ತಿರಲಿಲ್ಲ. ಅವನು ಬಂದೇ ಬರುತ್ತಾನೆಂದು ಅಮ್ಮಾಜಮ್ಮನ ನಂಬಿಕೆ, ಹಾಗಾಗಿ ಈಗಲೂ ಆ ಕೂಗಿನ ಹೊತ್ತಿಗೆ ಹಿತ್ತಲ ಬಚ್ಚಲಲ್ಲಿ ಒಂದು ಹಂಡೆ ನೀರು ಕಾದಿರಬೇಕು, ಹಿತ್ತಲ ಬಾಗಿಲಿನ ಅಗಳಿ ತೆಗೆದಿರಬೇಕು. ಅದು ಹಗಲೂ ರಾತ್ರಿಯೂ ತೆಗೆದೇ ಇರುತ್ತಿತ್ತು. ಸಂಜೆಗೆ ತಣ್ಣಗಾದ ನೀರನ್ನು ನುಗ್ಗೆ ಗಿಡಕ್ಕೆ ಸುರಿಯುತ್ತಿದ್ದರು. ಲೈನಿನಲ್ಲಿ ಅಂಥ ನುಗ್ಗೆ ಗಿಡ ಇನ್ನೊಂದು ಇರಲಿಲ್ಲ.

ಅಮ್ಮಾಜಮ್ಮನ ಗಂಡ ಕೋದಂಡಪ್ಪ. ಗಣಿಯ ಧೂಳು ಎದೆಯಲ್ಲಿ ಕೂತ ಮೇಲೆ ಅವನನ್ನು ಮೇಲಕ್ಕೆ ತಂದು ಸೈನೈಡ್ ಗುಡ್ಡದ ಬಳಿ ರಾತ್ರಿ ಕಾವಲಿಗೆ ಹಾಕಿದ್ದರು. ಚಿನ್ನ ತೆಗೆದು ಉಳಿದ ಬೂದು ಮಣ್ಣಿನ ಗುಡ್ಡ ಅದು. ಗಾಳಿ ಬೀಸಿದರೆ ಲೈನಿನವರ ಸಾರಿನಲ್ಲೂ ಅದೇ ಮಣ್ಣು.

"ಅಮ್ಮಾಜೀ, ಒಂದ್ ಚೊಂಬು ಬಿಸ್ನೀರು ಕೊಡೇ. ಮಂಡಿ ಇಡ್ಕೊಂಡವೆ," ಎಂದು ಅವನು ಒಂದು ದಿನ ಕೇಳಿದ.

"ಕೊಳಾಯಿ ನೀರಾಕ್ಕೊಳ್ಳಿ. ಅದು ಅವನ ನೀರು."

"ಅವನು ಇವತ್ತು ಬರ್ದಿದ್ರೆ?"

"ನುಗ್ಗೆ ಗಿಡಕ್ಕೆ."

"ಅಂಗಾದ್ರೆ ನಾನು ನುಗ್ಗೆ ಗಿಡಕ್ಕಿಂತ ಕಡೆ ಅನ್ನು," ಎಂದು ನಗುತ್ತ, ಕೆಮ್ಮುತ್ತ, ಅವನು ತಣ್ಣೀರಿಗೆ ಕಾಲು ಕೊಟ್ಟ.

೧೯೩೫ರ ಆ ಬೇಸಿಗೆಯಲ್ಲಿ ಕ್ವೆಟ್ಟಾ ನಗರ ಭೂಕಂಪಕ್ಕೆ ಬಿದ್ದುಹೋಗಿತ್ತು. ಅಬಿಸೀನಿಯದ ಮೇಲೆ ರೋಮಿನವರು, ಅಂದರೆ ಇಟಲಿಯವರು, ಯುದ್ಧಕ್ಕೆ ಹೋಗಿದ್ದರು. ನವೆಂಬರಿನಲ್ಲಿ ಮದರಾಸು ಕಡೆಯಿಂದ ಒಬ್ಬ ಬೋಧಕರು ಬಂದು, ಇವೆಲ್ಲ ಲೋಕ ಮುಗಿಯುವ ಗುರುತು ಎಂದು ಸಾರಿ, ಸಭೆಯ ಗೋಡೆಗೆ ಬಣ್ಣದ ದೊಡ್ಡ ಪರದೆ ತೂಗುಹಾಕಿದರು. ಅದರಲ್ಲಿ ಬೈಬಲಿನ ಕೊನೆಯ ಪುಸ್ತಕದ ಏಳು ತಲೆಯ ಮೃಗವಿತ್ತು. ಬೋಧಕರು ಕೋಲಿನಿಂದ ಒಂದು ತಲೆ ತೋರಿಸಿ ಇದು ರೋಮು ಎಂದರು, ಇನ್ನೊಂದನ್ನು ತೋರಿಸಿ ಇದೇ ನಿಮ್ಮ ಬಯಸ್ಕೋಪು ಎಂದರು. ಬಯಸ್ಕೋಪಿನಲ್ಲಿ ಸಿನಿಮಾ ನೋಡಿದ್ದ ಹುಡುಗರು ತಲೆ ತಗ್ಗಿಸಿದರು. ಕೋದಂಡಪ್ಪ ಅಂದಿನಿಂದ ಅವರಿಗೆ ಪರದೆ ಬೋಧಕರು ಎಂದೇ ಹೆಸರಿಟ್ಟ.

ಅವರ ಅದೃಷ್ಟಕ್ಕೆ ಮಾತಿನ ನಡುವೆಯೇ ನೆಲ ಗುಡುಗಿತು. ದೀಪದ ಗಾಜು ಅದುರಿತು, ಹೆಂಗಸರು "ಸ್ತೋತ್ರ, ಸ್ತೋತ್ರ" ಎಂದು ಕೂಗಿದರು. ತಿಂಗಳಿಗೆ ನಾಲ್ಕು ಸಲ ಕೇಳುವ ಗಣಿಯ ಬಂಡೆಯ ಸದ್ದೇ ಅದು. ಆದರೆ ಅವತ್ತು ಪರದೆಯ ಮೃಗವೂ ಅಲುಗಾಡಿತಲ್ಲ, ಹಿಂದೆ ಕೂತವರೂ ಮುಂದಕ್ಕೆ ಸರಿದರು.

ಅಮ್ಮಾಜಮ್ಮ ಎದ್ದು ನಿಂತಳು. "ಬೋಧಕ್ರೇ, ಸಮುದ್ರ ತನ್ನೊಳಗಿರೋ ಸತ್ತೋರ್ನ ವಾಪಸ್ ಕೊಡ್ತದೆ ಅಂದ್ರಿ. ಗಣಿ ಕೊಡ್ತದಾ?"

"ಕೊಡುತ್ತದೆ ತಾಯೀ. ಎಷ್ಟು ಆಳವಿದ್ದರೂ ಕೊನೆಯ ದಿನದ ತುತೂರಿ ಕೇಳಿಸುತ್ತದೆ."

"ಗೋಡೆ ಕಟ್ಟವ್ರೆ."

"ಗೋಡೆ ಒಡೆಯುತ್ತದೆ. ಆ ಗಳಿಗೆ ಯಾರಿಗೂ ತಿಳಿಯದು. ಆದರೆ ಬರುವ ಈಸ್ಟರಿನ ಬೆಳಗ್ಗೆ ಗೋರಿಗಳು ಮುಚ್ಚಿರುವುದಿಲ್ಲ, ಅದು ನನಗೆ ಗೊತ್ತು."

ಸಭೆಯ ಅಯ್ಯನವರು ಮೂಲೆಯಲ್ಲಿ ಕೂತಿದ್ದವರು ಎದ್ದರು. "ಕರ್ತನು ಬಂದಾಗ ನೀವು ಏನು ಮಾಡ್ತಿದ್ರಿ ಅಂತ ಕೇಳ್ತಾನೆ. ಪರದೆ ನೋಡ್ತಿದ್ವಿ ಅಂತೀರಾ? ಈ ಲೈನಿನಲ್ಲಿ ಕೆಮ್ಮಿ ಕೆಮ್ಮಿ ಸಾಯ್ತಿರೋರಿಗೆ ಗಂಜಿ ಕೊಡೋರಿಲ್ಲ. ಸಭೆ ಇರೋದು ಅದಕ್ಕೆ. ಬಯಸ್ಕೋಪು ನೋಡಿದ ಹುಡುಗರು ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ," ಎಂದರು. ಇಬ್ಬರೋ ಮೂವರೋ ಹೋದರು. ಉಳಿದವರೆಲ್ಲ ಪರದೆಯ ಮುಂದೆಯೇ ಕೂತರು. ಗಂಜಿ ಹೊರುವುದಕ್ಕಿಂತ ಮೃಗದ ತಲೆ ಎಣಿಸುವುದು ಸುಲಭ ತಾನೇ.

ಗಳಿಗೆ ತಿಳಿಯದು ಎಂಬ ಮಾತನ್ನು ಅಮ್ಮಾಜಮ್ಮ ಗಣಿಯ ಲೆಕ್ಕದಲ್ಲಿ ಹಿಡಿದಳು. ಯಾವ ಪಾಳಿಯಲ್ಲಿ ಬರುತ್ತಾನೋ ಗೊತ್ತಿಲ್ಲದ ಮೇಲೆ ಮಧ್ಯಾಹ್ನದ ನೀರೊಂದೇ ಸಾಕೇ? ಬೆಳಗಿನ ಕೂಗಿಗೂ ರಾತ್ರಿಯ ಕೂಗಿಗೂ ನೀರು ಕಾಯಬೇಕು ಎಂದಳು. ಕದಿರಮ್ಮನ ಸೊಂಟ ಬಿಂದಿಗೆಗೆ ಅಂಟಿಕೊಂಡಿತು.

ಕೊಳಾಯಿಯ ಬಳಿ ಪಕ್ಕದ ಮನೆಯ ಗಂಗರತ್ನಮ್ಮ ಬಿಂದಿಗೆ ಅಡ್ಡ ಇಟ್ಟಳು. "ನಿನ್ ಗಂಡ ಎದ್ ಬಂದ್ರೆ ನಾನೇ ಬೆನ್ನುಜ್ತೀನಿ ಕಣೇ. ಮೊದ್ಲು ಬರ್ಲಿ! ಈಗ ನನ್ ಮಕ್ಳು ಮುಖ ತೊಳೀಬೇಕು."

"ಅತ್ತೆ ಬಯ್ತಾರಕ್ಕಾ."

"ಬಯ್ಲಿ. ನಿಂಗೇನ್ ಬಾಯಿಲ್ವಾ?"

ಬಾಯಿ ಇತ್ತು. ಆದರೆ ಕದಿರಮ್ಮ ಪ್ಲೇಗಿಗೆ ತಂದೆತಾಯಿಯನ್ನು ಕಳೆದುಕೊಂಡು ಮಿಷನ್ನಿನ ಹಾಸ್ಟೆಲಿನಲ್ಲಿ ಬೆಳೆದವಳು. ಮದುವೆಯಾದ ವರ್ಷ ಅವಳಿಗೆ ವಿಷಮಜ್ವರ ಬಂದಾಗ ಅಮ್ಮಾಜಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸಿದ್ದಳು. ಅದಕ್ಕೆ ಮೊದಲು ಯಾರ ತೊಡೆಯೂ ಅವಳಿಗೆ ಸಿಕ್ಕಿರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಒಂದು ಬೆಳಗ್ಗೆ ಅಮ್ಮಾಜಮ್ಮ ಬಚ್ಚಲಿನಿಂದ ಕಿರುಚಿದಳು. ಕದಿರಮ್ಮ ಕೊಳಾಯಿಯಿಂದ ಓಡಿಬಂದಳು. ಹಂಡೆಯ ಅರ್ಧ ನೀರು ಖಾಲಿಯಾಗಿತ್ತು. ಬಚ್ಚಲ ಕಲ್ಲು ಒದ್ದೆಯಾಗಿತ್ತು, ಅದರ ಮೇಲೆ ಬೂದು ಕೆಸರು ಹರಿದಿತ್ತು. ಚೊಂಬು ಬೋರಲು ಹಾಕಿತ್ತು.

ಸಮುವೇಲು ಸ್ನಾನವಾದ ಮೇಲೆ ಚೊಂಬನ್ನು ಬೋರಲು ಹಾಕುತ್ತಿದ್ದ. ಕದಿರಮ್ಮ ಬಚ್ಚಲೊಳಗೆ ಕಾಲಿಡದೆ ಹೊರಗೇ ನಿಂತಳು.

"ಬಂದವ್ನೆ," ಎಂದಳು ಅಮ್ಮಾಜಮ್ಮ. "ನಿಲ್ಲಾಕೆ ಇನ್ನೂ ಅಪ್ಪಣೆ ಆಗಿಲ್ಲ. ಮೈ ತೊಳ್ಕೊಂಡು ಓಗವ್ನೆ." ಅವತ್ತು ಅವಳು ಇಡೀ ಮುದ್ದೆ ಉಂಡಳು, ಸಾರು ಮತ್ತೆ ಹಾಕಿಸಿಕೊಂಡಳು. ಎರಡು ವರ್ಷದಿಂದ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಡುತ್ತಿದ್ದವಳು. ಕೋದಂಡಪ್ಪ ಅವಳು ಉಣ್ಣುವುದನ್ನೇ ನೋಡುತ್ತ ಕೂತಿದ್ದ. ಅಂದಿನಿಂದ ವಾರಕ್ಕೆ ಎರಡು ಸಲ, ಮೂರು ಸಲ, ಬೆಳಗಿನ ಕೂಗಾದ ಮೇಲೆ ಬಚ್ಚಲು ಒದ್ದೆಯಾಗುತ್ತಿತ್ತು. ಕದಿರಮ್ಮ ಹಿತ್ತಲಿಗೆ ಹೋಗುವಾಗ, ಅಲ್ಲಿ ಅವನಿದ್ದರೆ ಎಂದು, ಕೆಮ್ಮಿ ಹೋಗಲು ಶುರುಮಾಡಿದಳು.

ಜನವರಿಯಲ್ಲಿ ಅಯ್ಯನವರು ಒಂದು ಚೀಲ ಅವರೇಕಾಯಿ ಹೊರಿಸಿಕೊಂಡು ಬಂದರು. ಕದಿರಮ್ಮನನ್ನು ಮದುವೆಗೆ ಕೇಳಿ ಅದನ್ನು ಕೊಟ್ಟು ಕಳಿಸಿದ್ದವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ದಾನಿಯೇಲಪ್ಪ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಎರಡು ವರ್ಷದ ಹೆಣ್ಣುಮಗುವಿತ್ತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡೇ ಅವನು ಹಳಿ ಬದಲಿಸುವ ಸನ್ನೆಗೋಲು ಎಳೆಯುತ್ತಿದ್ದುದನ್ನು ಕದಿರಮ್ಮ ಒಮ್ಮೆ ರೈಲಿನಿಂದ ನೋಡಿದ್ದಳು. ಅದನ್ನು ಆಗಾಗ ನೆನೆಸಿಕೊಳ್ಳುತ್ತಿದ್ದಳು. ತನಗೂ ಒಂದು ಮನೆ, ಅದಕ್ಕೊಂದು ಅಗಳಿ ಹಾಕಿದ ಬಾಗಿಲು ಬೇಕೆಂದು ಅವಳಿಗೆ ಆಸೆಯಾಗಿತ್ತು.

"ಮಗುವನ್ನು ನೋಡ್ಕೊಳ್ತಿರೋ ಅವನ ಅಕ್ಕ ಈಸ್ಟರ್ ಆದಮೇಲೆ ಊರಿಗೆ ಹೋಗ್ತಾಳೆ. ಅಲ್ಲಿವರೆಗೆ ಕಾಯ್ತೀನಿ ಅಂದಿದ್ದಾನೆ," ಎಂದರು ಅಯ್ಯನವರು. "ಅಮ್ಮಾಜಮ್ಮ, ಸಮುವೇಲನ ಸಮಾಧಿಯ ಪ್ರಾರ್ಥನೆ ಓದೋಣ. ಅದಾಗದೆ ಸಭೆಯಲ್ಲಿ ಈ ಮದುವೆ ಪ್ರಕಟಿಸೋಕೆ ನನಗೆ ಮನಸ್ಸು ಒಪ್ಪಲ್ಲ."

"ಅವನು ಈಸ್ಟರ್‌ಗೆ ಎದ್ ಬತ್ತಾನೆ. ನನ್ ಎಂಡ್ತಿ ಎಲ್ಲಮ್ಮಾ ಅಂದ್ರೆ ಬಂಗಾರಪೇಟೆ ತೋರಿಸ್ಲಾ?"

"ಎದ್ದು ಬಂದವರು ಗಂಡ ಹೆಂಡ್ತಿ ಆಗಿರಲ್ಲ ಕಣಮ್ಮ. ಕರ್ತನೇ ಹೇಳಿದ್ದಾನೆ. ಅಲ್ಲಿ ಮದುವೆ ಅನ್ನೋದೇ ಇಲ್ಲ, ದೂತರ ಹಾಗೆ ಇರ್ತಾರೆ."

ಅಮ್ಮಾಜಮ್ಮ ಮೆಲ್ಲಗೆ ಕೇಳಿದಳು. "ಗಂಡ ಎಂಡ್ತಿ ಇರಲ್ಲ. ಸರಿ. ತಾಯಿ ಮಗ?"

ಅಯ್ಯನವರು ಓದಿದವರು, ಬೇರೆ ಯಾವ ಪ್ರಶ್ನೆಗಾದರೂ ಉತ್ತರ ಕೊಡುತ್ತಿದ್ದರು. ಮಜ್ಜಿಗೆಯ ಲೋಟ ಕೆಳಗಿಟ್ಟರು. "ಅದು ನನಗೆ ಗೊತ್ತಿಲ್ಲಮ್ಮ," ಎಂದರು.

"ನೀನೇನಂತೀಯೇ?" ಎಂದು ಅಮ್ಮಾಜಮ್ಮ ಸೊಸೆಯ ಕಡೆ ತಿರುಗಿದಳು.

"ನೀವು ಊ ಅನ್ನದೆ ನಾನು ಈ ಮನೆ ಒಸ್ಲು ದಾಟಲ್ಲ ಅತ್ತೆ."

"ನಾನು ಊ ಅನ್ನಲ್ಲ."

ಅವರೇಕಾಯಿ ಚೀಲ ಎರಡು ದಿನ ಮೂಲೆಯಲ್ಲೇ ಇತ್ತು. ಕೊನೆಗೆ ಕೋದಂಡಪ್ಪನೇ ಕೂತು ಬಿಡಿಸಿದ. "ನಮ್ ಜಗಳಕ್ಕೆ ಅವರೇಕಾಯಿ ಏನ್ ತಪ್ ಮಾಡ್ತು?" ಎಂದ. ಅಮ್ಮಾಜಮ್ಮ ಆ ಸಾರು ಮುಟ್ಟಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಕೊಳಾಯಿಯಲ್ಲಿ ನೀರು ಬರಲಿಲ್ಲ. ಕದಿರಮ್ಮ ಖಾಲಿ ಬಿಂದಿಗೆ ಹಿಡಿದು ಬೇಗ ಹಿಂದಿರುಗಿದಳು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು. ಅವಳು ಬಿಂದಿಗೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ಓಡಿಹೋಗಬೇಕೆನ್ನಿಸಿತು, ಹೋಗಲಿಲ್ಲ. ತಟ್ಟಿಯ ಸಂದಿನಲ್ಲಿ ನೋಡಿದಳು. ಪಂಚೆ ಮೇಲೆತ್ತಿಕೊಂಡು ಮಂಡಿಗೆ ಬಿಸಿನೀರು ಹುಯ್ದುಕೊಳ್ಳುತ್ತ ಕೂತಿದ್ದವನು ಅವಳ ಮಾವ. ಗುಡ್ಡದ ಬೂದು ಮಣ್ಣು ಕಾಲಿನಿಂದ ಕಲ್ಲಿನ ಮೇಲೆ ಇಳಿಯುತ್ತಿತ್ತು.

"ಮಾವ," ಎಂದಳು.

ಅವನು ಬೆಚ್ಚಿ, ಚೊಂಬನ್ನು ಬೋರಲು ಹಾಕಿದ.

"ಮೊದಲ್ನೇ ದಿನ ನೋವು ತಡೀಲಾರ್ದೆ ಉಯ್ಕೊಂಡೆ ಕಣಮ್ಮ. ನಿಜ ಏಳಾಣ ಅನ್ಕೊಂಡೆ. ಅಷ್ಟ್ರಲ್ಲಿ ಅವ್ಳು ಬಂದವ್ನೆ ಅಂದ್ಲು. ಕೂತು ಇಡೀ ಮುದ್ದೆ ಉಂಡ್ಲು, ನೋಡ್ದಲ್ಲ? ಆಮೇಲೆ ಎಂಗೆ ನಿಲ್ಸಲಿ?"

"ಚೊಂಬು... ಅವರೂ ಇಂಗೇ ಇಡ್ತಿದ್ರು."

"ಅವನು ಕಲ್ತಿದ್ದು ನನ್ನಿಂದ," ಎಂದ ಕೋದಂಡಪ್ಪ. ಅವನ ಕಣ್ಣು ತುಂಬಿತು. "ನಿಂಗೆ ಅನ್ಯಾಯ ಆಯ್ತದೆ, ಗೊತ್ತು. ಈಸ್ಟರ್ ಕಳೀಲಿ. ನಾನೇ ಅವ್ಳಿಗೆ ನಿಜ ಏಳ್ತೀನಿ."

ಕದಿರಮ್ಮ ಖಾಲಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಭಯದ ಜೊತೆ ಭಾರವೂ ಹೋಗಬೇಕಿತ್ತು, ಹೋಗಲಿಲ್ಲ. ಅದುವರೆಗೆ ಗಂಡ ಬರುತ್ತಾನೆಂದು ಹೆದರುತ್ತಿದ್ದಳು. ಈಗ ಅವನು ಬರುವುದೇ ಇಲ್ಲವೆಂದು ಗೊತ್ತಾಗಿ ಮೊದಲ ಸಲ ಗಂಡನಿಗಾಗಿ ಅತ್ತಳು.

ಮಾರ್ಚಿನ ಕೊನೆಯಲ್ಲಿ ಕೋದಂಡಪ್ಪನ ಕೆಮ್ಮಿನಲ್ಲಿ ರಕ್ತ ಬಂತು. ಅಯ್ಯನವರೂ ಆ ಬಯಸ್ಕೋಪಿನ ಹುಡುಗರೂ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮನೆಯಲ್ಲಿ ಬಚ್ಚಲ ಕಲ್ಲು ಒಣಗಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಹಂಡೆಯ ನೀರು ತುಂಬಿದ ಹಾಗೇ ತಣ್ಣಗಾಗುತ್ತಿತ್ತು.

"ಯಾಕ್ ಬರ್ಲಿಲ್ಲ ಗೊತ್ತೇನೇ?" ಎಂದಳು ಅಮ್ಮಾಜಮ್ಮ. ತಟ್ಟೆಯನ್ನು ದೂರ ತಳ್ಳಿದಳು. "ನಿನ್ ಮನಸ್ಸು ಬಂಗಾರಪೇಟೇಲಿ ಐತೆ. ಅದು ಅವನಿಗೆ ಗೊತ್ತಾಗೈತೆ."

"ಅತ್ತೆ, ಎರಡು ತುತ್ತು ತಿನ್ನಿ."

"ನೀನೇ ತಿನ್ನು. ನನ್ ಮಗನ ಪಾಲೂ ತಿನ್ನು."

ಅವಳು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಒಳಗೆ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಐದನೆಯ ದಿನ ಎದ್ದು ನಿಲ್ಲಲೂ ಆಗಲಿಲ್ಲ. ಗಂಗರತ್ನಮ್ಮ ಬಂದು ನೋಡಿ, "ಇವ್ಳು ಈಸ್ಟರ್‌ವರೆಗೆ ಉಳಿಯಲ್ಲ ಕಣೇ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಕದಿರಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಯಾವತ್ತೂ ಬಂದಿರಲಿಲ್ಲ ಎಂದು ಹೇಳಿದ್ದರೆ ಮದುವೆಯ ದಾರಿ ತೆರೆಯುತ್ತಿತ್ತು. ಅತ್ತೆ ಮಾತ್ರ ಆ ಚಾಪೆಯಿಂದ ಏಳುತ್ತಿರಲಿಲ್ಲ. ಕದಿರಮ್ಮ ಸೈನೈಡ್ ಗುಡ್ಡದ ಕಡೆ ನಡೆದಳು. ಬೂದು ಮಣ್ಣನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಬೆಳಗಿನ ಕೂಗಾದ ಮೇಲೆ ಅರ್ಧ ನೀರನ್ನು ಕಲ್ಲಿನ ಮೇಲೆ ಚೆಲ್ಲಿದಳು, ಹಿಡಿ ಮಣ್ಣು ಉದುರಿಸಿ ಕೈಯಿಂದ ಕಲಸಿದಳು, ಚೊಂಬನ್ನು ಬೋರಲು ಹಾಕಿದಳು. ತನ್ನ ಗಂಡನನ್ನು ತನ್ನ ಕೈಯಿಂದಲೇ ಮನೆಗೆ ಕರೆದುಕೊಂಡು ಬಂದ ಹಾಗಾಯಿತು ಅವಳಿಗೆ.

"ಅತ್ತೆ," ಎಂದು ಕೂಗಿದಳು. "ಬನ್ನಿ, ನೋಡಿ."

ಅಮ್ಮಾಜಮ್ಮ ಗೋಡೆ ಹಿಡಿದುಕೊಂಡು ಬಂದಳು. ನೋಡಿದಳು. ಅವತ್ತು ಗಂಜಿ ಕುಡಿದಳು. ಕುಡಿಸಿದ್ದು ಕದಿರಮ್ಮ, ತೊಡೆಯ ಮೇಲೆ ಅತ್ತೆಯ ತಲೆ ಇಟ್ಟುಕೊಂಡು.

ವಾರದ ಕೊನೆಗೆ ಅಮ್ಮಾಜಮ್ಮ ಆಸ್ಪತ್ರೆಗೆ ಹೋಗಿ ಗಂಡನ ಹಾಸಿಗೆಯ ಪಕ್ಕ ಕೂತು ಸಂತೋಷದಿಂದ ಹೇಳಿದಳು. "ಕೋಪ ಮಾಡ್ಕೊಂಡಿದ್ದ. ಈಗ ದಿನಾ ಬತ್ತವ್ನೆ."

ಕೋದಂಡಪ್ಪ ಹಾಸಿಗೆಯ ಕಾಲ ಬಳಿ ನಿಂತಿದ್ದ ಸೊಸೆಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು.

ಈಸ್ಟರಿನ ದಿನ ನಸುಕಿನಲ್ಲಿ ಸಭೆಯವರೆಲ್ಲ ಮೇಣದಬತ್ತಿ ಹಿಡಿದು ಗೋರಿಗಳ ಬಳಿ ಸೇರುವುದು ಅಲ್ಲಿಯ ರೂಢಿ. ಅವತ್ತು ಬಿಳಿ ಬಟ್ಟೆ ಉಟ್ಟು ಎಂದೂ ಬಾರದಷ್ಟು ಜನ ಬಂದಿದ್ದರು. ಪರದೆ ಬೋಧಕರು ಮಾತ್ರ ಬಂದಿರಲಿಲ್ಲ, ಅವರಿಗೆ ಅದೇ ವಾರ ಸೇಲಮ್ಮಿನಿಂದ ಕರೆ ಬಂದಿತ್ತು. ಎಲ್ಲರೂ ಗೋರಿಗಳನ್ನು ನೋಡುತ್ತಿದ್ದರೆ ಅಮ್ಮಾಜಮ್ಮ ಬೆನ್ನು ತಿರುಗಿಸಿ ನಿಂತು ದೂರದಲ್ಲಿ ಗಣಿಗೆ ಆಳುಗಳನ್ನು ಇಳಿಸಿ ಎತ್ತುವ ಶಾಫ್ಟಿನ ಮೇಲಿನ ದೊಡ್ಡ ಚಕ್ರವನ್ನು ನೋಡುತ್ತಿದ್ದಳು.

ಕೂಗು ಆಯಿತು. ಚಕ್ರ ತಿರುಗಿತು. ರಾತ್ರಿ ಪಾಳಿಯವರು ಬೂದು ಮುಖ ಹೊತ್ತು ಮೇಲೆ ಬಂದು, ಗುಂಪುಗುಂಪಾಗಿ ಗೋರಿಗಳ ಪಕ್ಕದ ದಾರಿಯಲ್ಲಿ ನಡೆದು ಹೋದರು. ಅಮ್ಮಾಜಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಯವನೂ ಹೋದ. ಗುಡ್ಡದ ಹಿಂದೆ ಬಿಸಿಲು ಬಂತು. ಗೋರಿಗಳು ಮುಚ್ಚಿಕೊಂಡೇ ಇದ್ದವು. ಯಾರೋ ಒಂದು ಮಗು ಹಸಿವು ಎಂದು ಅಳತೊಡಗಿತು.

ಆಗ ಆಸ್ಪತ್ರೆಯ ಕಂಬಳಿ ಹೊದ್ದುಕೊಂಡು ಕೋದಂಡಪ್ಪ ಬಂದ. ಯಾರನ್ನೂ ಕೇಳದೆ ಎದ್ದು ಬಂದಿದ್ದ. ಅಯ್ಯನವರ ಮುಂದೆ ನಿಂತು ಉಸಿರು ತೆಗೆದುಕೊಂಡ.

"ಅಯ್ನೋರೇ, ನನ್ ಮಗನಿಗೆ ಸಮಾಧಿ ಪ್ರಾರ್ಥನೆ ಓದ್ಬಿಡಿ."

"ಏನ್ ಮಾತಿದು!" ಎಂದಳು ಅಮ್ಮಾಜಮ್ಮ. "ಬಂದ್ ನೀರುಯ್ಕೊಳ್ಳೋನಿಗೆ ಸಮಾಧಿಯಾ?"

"ಅದು ನಾನು ಕಣೇ, ಅಮ್ಮಾಜೀ. ಮಂಡಿ ನೋವಿಗೆ."

"ಸುಳ್ಳು. ನಿನ್ನೆ ಬೆಳಿಗ್ಗೇನೂ ಬಂದಿದ್ದ. ನೀವು ಆಸ್ಪತ್ರೇಲಿದ್ರಿ."

ಕೋದಂಡಪ್ಪ ಕಣ್ಣು ಮುಚ್ಚಿದ. ಅಮ್ಮಾಜಮ್ಮ ಗೆದ್ದವಳ ಹಾಗೆ ಸೊಸೆಯ ಕಡೆ ತಿರುಗಿದಳು. "ಏಳೇ, ನೀನೇ ಏಳು ಇವರಿಗೆ."

ಕದಿರಮ್ಮ ಬಿಳಿ ಸೀರೆಯ ಸೆರಗನ್ನು ಎದೆಗೆ ಒತ್ತಿ ಹಿಡಿದು ಅಳುತ್ತಿದ್ದಳು. ಸೆರಗಿನ ತುದಿಯಲ್ಲಿ ಅವತ್ತಿನ ಬಚ್ಚಲಿಗೆಂದು ಕಟ್ಟಿಕೊಂಡ ಒಂದು ಗಂಟಿತ್ತು. ಅಮ್ಮಾಜಮ್ಮ ಅದನ್ನು ನೋಡಿದಳು. ಮೆಲ್ಲಗೆ ಸೆರಗನ್ನು ಬಿಡಿಸಿಕೊಂಡು ಗಂಟನ್ನು ಮುಟ್ಟಿದಳು. ಬಟ್ಟೆಯ ಮೇಲೆ ಬೂದು ಬಣ್ಣ ಇಳಿದಿತ್ತು.

"ನೀನಾ?"

"ನೀವು ಊಟ ಬಿಟ್ಟಿದ್ರಿ ಅತ್ತೆ."

ಅಮ್ಮಾಜಮ್ಮ ಅವಳನ್ನೇ ನೋಡಿದಳು. ಗಂಡ ಮಾಡಿದ್ದು ಮಂಡಿಗಾಗಿ ಶುರುವಾಗಿತ್ತು. ಇವಳು ಮಾಡಿದ್ದರಲ್ಲಿ ಇವಳಿಗೆ ಏನೂ ಇರಲಿಲ್ಲ, ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದಳು. ಅದು ಅಮ್ಮಾಜಮ್ಮನಿಗೆ ಅಲ್ಲೇ, ಆ ಗಳಿಗೆಯಲ್ಲೇ ಗೊತ್ತಾಯಿತು.

"ಓದಿ ಅಯ್ನೋರೇ," ಎಂದಳು.

ಗುಂಡಿಯಿರಲಿಲ್ಲ, ಪೆಟ್ಟಿಗೆಯಿರಲಿಲ್ಲ. ಅಯ್ಯನವರು ಬರಿಯ ನೆಲದ ಮುಂದೆ ನಿಂತು ಓದಿದರು. ಮಣ್ಣು ಹಾಕುವ ಹೊತ್ತಿಗೆ ಯಾರೋ ಬಗ್ಗಿದರು. ಅಮ್ಮಾಜಮ್ಮ ತಡೆದಳು. ಸೊಸೆಯ ಸೆರಗಿನ ಗಂಟು ಬಿಚ್ಚಿ ಆ ಬೂದು ಮಣ್ಣನ್ನೇ ಮೂರು ಪಾಲು ಮಾಡಿದಳು. ಗಂಡನಿಗೊಂದು ಹಿಡಿ, ಕದಿರಮ್ಮನಿಗೊಂದು ಹಿಡಿ ಕೊಟ್ಟು, ತನ್ನದನ್ನು ಕೊನೆಯಲ್ಲಿ ಹಾಕಿದಳು.

ಮದುವೆ ಮೇ ತಿಂಗಳಲ್ಲಿ ಆಯಿತು. ಹಿಂದಿನ ದಿನ ಅಮ್ಮಾಜಮ್ಮ ತಾನೇ ಕೊಳಾಯಿಗೆ ಹೋದಳು. ಗಂಗರತ್ನಮ್ಮ ಮಾತಾಡದೆ ಸರದಿ ಬಿಟ್ಟುಕೊಟ್ಟಳು. ಆ ಹಂಡೆಯಲ್ಲೇ ನೀರು ಕಾಯಿಸಿ, ಸೀಗೆಪುಡಿ ಹಾಕಿ ಅಮ್ಮಾಜಮ್ಮ ಸೊಸೆಯ ತಲೆಗೆ ಎರೆದಳು.

ಮೂರು ಕೂಗಿನ ನೀರು ಅಲ್ಲಿಗೆ ಒಂದೇ ಕೂಗಿಗೆ ಬಂತು. ಬೆಳಗ್ಗೆ ನೀರು ಕಾಯುತ್ತಿತ್ತು, ಕೋದಂಡಪ್ಪನ ಮ‌ಂಡಿಗೆ. ಅವನು ಬಚ್ಚಲಲ್ಲಿ ಕೂತು ಚೊಂಬಿಗೆ ಕೈಹಾಕಿದರೆ ಅಮ್ಮಾಜಮ್ಮ, "ತಡೀರಿ," ಎನ್ನುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತು ಲೈನಿನ ಎರಡೂ ಕಡೆ ನೋಡುತ್ತಿದ್ದಳು. ಆಮೇಲೆ, "ಊಂ, ಉಯ್ಕೊಳ್ಳಿ," ಎನ್ನುತ್ತಿದ್ದಳು. ಅವನು ಅದಕ್ಕೆ ತಮಾಷೆ ಮಾಡುತ್ತಿರಲಿಲ್ಲ.

ಬಂಗಾರಪೇಟೆಗೆ ಗಣಿಯ ಕೂಗು ಕೇಳಿಸುವುದಿಲ್ಲ. ಆದರೂ ಆ ಹೊತ್ತಿಗೆ ಕದಿರಮ್ಮನ ಕೈ ಒಲೆಯ ಕಡೆ ಹೋಗುತ್ತಿತ್ತು. ದಾನಿಯೇಲಪ್ಪ ಒಳ್ಳೆಯವನು, ಮಗು ಅವಳ ಸೆರಗು ಬಿಡುತ್ತಿರಲಿಲ್ಲ. ಒಂದು ಮಾತ್ರ ಅವನಿಗೆ ಅರ್ಥವಾಗಲಿಲ್ಲ. ಅವನು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಬಂದರೆ, ಸ್ವಲ್ಪ ಹೊತ್ತಿಗೆ ಕದಿರಮ್ಮ ಎದ್ದು ಹೋಗಿ ತೆಗೆದು ಬರುತ್ತಿದ್ದಳು. ಕೇಳಿದರೆ ಸೆಕೆ ಎನ್ನುತ್ತಿದ್ದಳು. ಮಳೆಗಾಲ ಬಂದ ಮೇಲೂ ಸೆಕೆ ಎನ್ನುತ್ತಿದ್ದಳು. ಕೊನೆಗೆ ಅವನು ಅಗಳಿ ಹಾಕುವುದನ್ನೇ ಬಿಟ್ಟ.

ಆಗಸ್ಟಿನಲ್ಲಿ ಅಮ್ಮಾಜಮ್ಮ ಒಂದು ಕಟ್ಟು ನುಗ್ಗೆಕಾಯಿ ಹಿಡಿದು ರೈಲಿನಲ್ಲಿ ಬಂದಳು. ಮಗುವನ್ನು ಎತ್ತಿಕೊಂಡಳು, ಎರಡು ಹೊತ್ತು ಉಂಡಳು, ಸಾರಿಗೆ ಉಪ್ಪು ಸಾಲದು ಎಂದು ಹೇಳಿದಳು. ಸಂಜೆ ಕೈ ತೊಳೆಯಲು ಹಿತ್ತಲಿಗೆ ಹೋದವಳು ಬಾಗಿಲ ಬಳಿ ನಿಂತಳು. ಅಗಳಿಯ ಮೇಲೆ ಬೆರಳಾಡಿಸಿದಳು. ತುಕ್ಕು ಹಿಡಿದಿತ್ತು.

"ರಾತ್ರಿ ಇದನ್ನ ಆಕಲ್ವೇನೇ?"

ಕದಿರಮ್ಮ ತಲೆ ತಗ್ಗಿಸಿದಳು.

ಅಮ್ಮಾಜಮ್ಮ ಬಾಗಿಲನ್ನು ಎಳೆದು ಮುಚ್ಚಿದಳು. ಎರಡೂ ಕೈ ಕೊಟ್ಟು ಅಗಳಿಯನ್ನು ಕೊನೆಯವರೆಗೂ ತಳ್ಳಿದಳು.

"ಆಕ್ಕೋ ಮಗಾ," ಎಂದಳು. "ಅವನು ಬಂದ್ರೆ ನಮ್ಮನೆಗೇ ಬತ್ತಾನೆ. ದಾರಿ ಗೊತ್ತು ಅವನಿಗೆ."